ಫೆನ್‌ವೇ ಪಾರ್ಕ್

ಫೆನ್‌ವೇ ಪಾರ್ಕ್ ಅಮೆರಿಕ ಸಂಯುಕ್ತ ಸಂಸ್ಥಾನದ ಮ್ಯಾಸಚೂಸೆಟ್ಸ್ ರಾಜ್ಯದ ರಾಜಧಾನಿ ಬಾಸ್ಟನ್‌ನಲ್ಲಿರುವ ಬೇಸ್‌ಬಾಲ್ ಕ್ರೀಡಾಂಗಣ. ಅಮೆರಿಕನ್ ಲೀಗ್‌ಗೆ ಸೇರಿದ ಬಾಸ್ಟನ್ ರೆಡ್ ಸಾಕ್ಸ್ ತಂಡದ ತವರು ಮೈದಾನ. ಇಲ್ಲಿ ಮೊದಲ ಅಧಿಕೃತ ಪಂದ್ಯ ನಡೆದದ್ದು 1912ರ ಏಪ್ರಿಲ್ 20ರಂದು. ಮೇಜರ್ ಲೀಗ್ ಪಂದ್ಯಗಳು ಈಗಲೂ ನಡೆಯುತ್ತಿರುವ ಕ್ರೀಡಾಂಗಣಗಳಲ್ಲಿ ಇದೇ ಅತ್ಯಂತ ಹಳೆಯದು. ಇದರ ನಂತರದ್ದು 1914ರಲ್ಲಿ ತೆರೆದ ಷಿಕಾಗೊದ ರಿಗ್ಲಿ ಫೀಲ್ಡ್. ಆಸನಗಳ ಸಂಖ್ಯೆ ರಾತ್ರಿ ಪಂದ್ಯಗಳಿಗೆ 37,755, ಹಗಲು ಪಂದ್ಯಗಳಿಗೆ 37,305. ಎಡ ಮೈದಾನದ ಅಂಚಿನಲ್ಲಿ ನಿಂತಿರುವ 37 ಅಡಿ 2 ಅಂಗುಲ ಎತ್ತರದ ಹಸಿರು ಗೋಡೆ, ಯಾವ ಎರಡು ದಿಕ್ಕಿನಲ್ಲೂ ಒಂದೇ ಅಳತೆಗೆ ಸಿಗದ ಅಂಚು, ಕೈಯಿಂದಲೇ ಅಂಕಿ ಬದಲಿಸುವ ಸ್ಕೋರ್‌ಬೋರ್ಡ್ ಇವು ಇದರ ಗುರುತುಗಳು. ಈ ವೈಚಿತ್ರ್ಯಗಳಲ್ಲಿ ಹೆಚ್ಚಿನವು ಯಾರೂ ಅಂದಕ್ಕಾಗಿ ಕಲ್ಪಿಸಿದವಲ್ಲ. ಸುತ್ತಲಿನ ಬೀದಿಗಳು ಬಿಟ್ಟುಕೊಟ್ಟಷ್ಟೇ ಜಾಗದಲ್ಲಿ ಮೈದಾನವನ್ನು ಕೂರಿಸಬೇಕಾಗಿ ಬಂದದ್ದರಿಂದ ಹುಟ್ಟಿದವು.

ನೆಲೆ ಮತ್ತು ಹೆಸರು

ಕ್ರೀಡಾಂಗಣ ಬಾಸ್ಟನ್‌ನ ಕೆನ್ಮೋರ್ ಚೌಕದ ಸಮೀಪ, ಫೆನ್‌ವೇ ಬಡಾವಣೆಯಲ್ಲಿದೆ. 'ಫೆನ್' ಎಂದರೆ ಜೌಗು ನೆಲ. ಚಾರ್ಲ್ಸ್ ನದಿಯ ಪಕ್ಕದ ಈ ಪ್ರದೇಶ ಹತ್ತೊಂಬತ್ತನೆಯ ಶತಮಾನದವರೆಗೂ ಉಬ್ಬರವಿಳಿತದ ನೀರು ನುಗ್ಗುತ್ತಿದ್ದ ಜೌಗಾಗಿತ್ತು. ಆ ಶತಮಾನದ ಉತ್ತರಾರ್ಧದಲ್ಲಿ ಮಣ್ಣು ತುಂಬಿಸಿ ನೆಲ ಮಾಡಲಾಯಿತು. ಉಳಿದ ಜೌಗನ್ನು ಉದ್ಯಾನವಾಗಿ ರೂಪಿಸಿದವರು ಭೂದೃಶ್ಯ ವಿನ್ಯಾಸಕ ಫ್ರೆಡರಿಕ್ ಲಾ ಓಮ್‌ಸ್ಟೆಡ್. ಅದೇ ಇಂದಿನ ಬ್ಯಾಕ್ ಬೇ ಫೆನ್ಸ್. ಬಡಾವಣೆಗೂ ಅದರ ಮೂಲಕ ಕ್ರೀಡಾಂಗಣಕ್ಕೂ ಹೆಸರು ಬಂದದ್ದು ಈ ಜೌಗಿನಿಂದ. ಹೆಸರಿಟ್ಟವರು ಆಗಿನ ತಂಡದ ಮಾಲೀಕ ಜಾನ್ ಐ. ಟೇಲರ್. ಅವರ ಕುಟುಂಬಕ್ಕೆ ಫೆನ್‌ವೇ ರಿಯಾಲ್ಟಿ ಎಂಬ ಭೂವ್ಯವಹಾರದ ಕಂಪನಿಯಲ್ಲಿ ಪಾಲಿತ್ತು. ಹೀಗಾಗಿ ಹೆಸರು ಕಂಪನಿಗೂ ಪ್ರಚಾರ ತಂದುಕೊಟ್ಟಿತು.

ನಿವೇಶನದ ಉತ್ತರಕ್ಕೆ ಲ್ಯಾನ್ಸ್‌ಡೌನ್ ಬೀದಿ, ಅದರಾಚೆಗೆ ರೈಲು ಹಳಿಗಳಿವೆ. ಪೂರ್ವಕ್ಕೆ ಇಪ್ಸ್‌ವಿಚ್ ಬೀದಿ, ದಕ್ಷಿಣಕ್ಕೆ ವ್ಯಾನ್ ನೆಸ್ ಬೀದಿ, ಪಶ್ಚಿಮಕ್ಕೆ ಜರ್ಸಿ ಬೀದಿ ಮತ್ತು ಬ್ರೂಕ್‌ಲೈನ್ ಅವೆನ್ಯೂ. ಈ ರಸ್ತೆಗಳು ಒಂದಕ್ಕೊಂದು ನೇರ ಕೋನದಲ್ಲಿ ಸೇರುವುದಿಲ್ಲವಾದ್ದರಿಂದ ನಡುವೆ ಉಳಿದ ನೆಲ ಓರೆಕೋರೆಯಾಗಿದೆ. ಕ್ರೀಡಾಂಗಣದ ವಿನ್ಯಾಸವನ್ನು ಅರ್ಥಮಾಡಿಕೊಳ್ಳಲು ಮೊದಲು ನೋಡಬೇಕಾದದ್ದು ಈ ನಿವೇಶನದ ನಕ್ಷೆಯನ್ನೇ.

ಅಂಗಳದ ಅಳತೆ ಮತ್ತು ಪದಗಳು

ಬೇಸ್‌ಬಾಲ್ ಅಂಗಳಕ್ಕೆ ಎರಡು ಭಾಗ. ಹೋಮ್ ಪ್ಲೇಟ್ ಮತ್ತು ಮೂರು ಬೇಸ್‌ಗಳು ಸೇರಿ ಆಗುವ ಚೌಕ ಒಳಮೈದಾನ; ಅದರ ಆಚೆಗೆ ಬೀಸಣಿಗೆಯಂತೆ ಹರಡುವುದು ಹೊರಮೈದಾನ. ಒಳಮೈದಾನದ ಅಳತೆ ಎಲ್ಲೆಡೆ ಒಂದೇ. ಬೇಸ್‌ನಿಂದ ಬೇಸ್‌ಗೆ 90 ಅಡಿ, ಚೆಂಡೆಸೆಯುವ ಆಟಗಾರ, ಅಂದರೆ ಪಿಚರ್, ನಿಲ್ಲುವ ಪಟ್ಟಿಯಿಂದ ಹೋಮ್ ಪ್ಲೇಟ್‌ಗೆ 60 ಅಡಿ 6 ಅಂಗುಲ. ಹೊರಮೈದಾನಕ್ಕೆ ಇಂಥ ಕಟ್ಟುನಿಟ್ಟಿಲ್ಲ. ಕ್ರಿಕೆಟ್‌ನಲ್ಲಿ ಬೌಂಡರಿ ಗೆರೆಯ ದೂರ ಒಂದೊಂದು ಮೈದಾನದಲ್ಲಿ ಒಂದೊಂದಾಗಿರುವಂತೆ ಇಲ್ಲಿಯೂ ಗೋಡೆಯ ದೂರ ಮತ್ತು ಎತ್ತರ ಬೇರೆಬೇರೆ.

ಬ್ಯಾಟರ್ ಹೋಮ್ ಪ್ಲೇಟ್ ಬಳಿ ನಿಂತು ಮುಂದೆ ನೋಡಿದಾಗ ಅವನ ಎಡಕ್ಕಿರುವುದು ಎಡ ಮೈದಾನ, ಎದುರಿಗೆ ಮಧ್ಯ ಮೈದಾನ, ಬಲಕ್ಕೆ ಬಲ ಮೈದಾನ. ಎರಡು ಅಂಚುಗಳ ಗೆರೆ ಫೌಲ್ ಗೆರೆ. ಗೆರೆ ಗೋಡೆಯನ್ನು ಮುಟ್ಟುವಲ್ಲಿ ನಿಲ್ಲಿಸಿದ ಕಂಬ ಫೌಲ್ ಕಂಬ. ಎರಡು ಗೆರೆಗಳ ನಡುವೆ ಗೋಡೆಯನ್ನು ನೆಲ ಮುಟ್ಟದೆ ದಾಟಿದ ಹೊಡೆತ ಹೋಮ್ ರನ್. ಬ್ಯಾಟರ್ ಎರಡನೆಯ ಬೇಸ್‌ವರೆಗೆ ಓಡಿ ತಲುಪಲು ಸಿಕ್ಕ ಹೊಡೆತ ಡಬಲ್. ಪಿಚರ್‌ಗಳು ಕೈ ಸಡಿಲಿಸಿಕೊಳ್ಳುವ ಆವರಣ ಬುಲ್‌ಪೆನ್. ಚಾವಣಿಯುಳ್ಳ ಮುಖ್ಯ ಪ್ರೇಕ್ಷಕ ಗ್ಯಾಲರಿ ಗ್ರ್ಯಾಂಡ್‌ಸ್ಟ್ಯಾಂಡ್. ಹೊರಮೈದಾನದ ಹಿಂದಿನ, ಬಿಸಿಲಿಗೆ ತೆರೆದ ಅಗ್ಗದ ಮೆಟ್ಟಿಲು ಆಸನಗಳು ಬ್ಲೀಚರ್ಸ್. ಈ ಲೇಖನದಲ್ಲಿ ಈ ಪದಗಳನ್ನು ಇದೇ ಅರ್ಥದಲ್ಲಿ ಬಳಸಿದೆ.

ಫೆನ್‌ವೇಯಲ್ಲಿ ಎಡ ಫೌಲ್ ಕಂಬಕ್ಕೆ 310 ಅಡಿ (94.5 ಮೀಟರ್), ಎಡ-ಮಧ್ಯಕ್ಕೆ 379 ಅಡಿ, ಮಧ್ಯ ಮೈದಾನದ ಗೋಡೆಗೆ 389 ಅಡಿ 9 ಅಂಗುಲ, ಅದರ ಬಲಕ್ಕಿರುವ ಆಳವಾದ ಮೂಲೆಗೆ 420 ಅಡಿ (128 ಮೀಟರ್), ಬಲ ಮೈದಾನದ ಬುಲ್‌ಪೆನ್ ಬಳಿ 380 ಅಡಿ, ಬಲ ಫೌಲ್ ಕಂಬಕ್ಕೆ ಬರೀ 302 ಅಡಿ (92 ಮೀಟರ್). 1958ರ ಜೂನ್ 1ರ ನಂತರ ಕಟ್ಟುವ ವೃತ್ತಿಪರ ಮೈದಾನಗಳಿಗೆ ಫೌಲ್ ಗೆರೆಯುದ್ದಕ್ಕೂ ಕನಿಷ್ಠ 325 ಅಡಿ, ಮಧ್ಯದಲ್ಲಿ ಕನಿಷ್ಠ 400 ಅಡಿ ಇರಬೇಕೆಂದು ಬೇಸ್‌ಬಾಲ್ ನಿಯಮ ಹೇಳುತ್ತದೆ. ಆ ಅಳತೆಗೋಲಿನಲ್ಲಿ ಫೆನ್‌ವೇ ಎಡಕ್ಕೂ ಬಲಕ್ಕೂ ಸಾಲದು. ನಿಯಮಕ್ಕಿಂತ ಮೊದಲೇ ಇದ್ದುದರಿಂದ ಉಳಿದುಕೊಂಡಿದೆ.

ನಿರ್ಮಾಣ

ರೆಡ್ ಸಾಕ್ಸ್ ತಂಡ 1901ರಿಂದ 1911ರವರೆಗೆ ಆಡಿದ್ದು ಹಂಟಿಂಗ್ಟನ್ ಅವೆನ್ಯೂ ಮೈದಾನದಲ್ಲಿ. ಮೇಜರ್ ಲೀಗ್‌ನ ಚಾಂಪಿಯನ್ ತಂಡವನ್ನು ತೀರ್ಮಾನಿಸುವ ಸರಣಿಯಾದ ವರ್ಲ್ಡ್ ಸೀರೀಸ್ ಆಧುನಿಕ ರೂಪದಲ್ಲಿ ಮೊದಲ ಬಾರಿ, 1903ರಲ್ಲಿ, ಶುರುವಾದದ್ದೂ ಅಲ್ಲಿಯೇ. ಇಂದು ಆ ಜಾಗ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಆವರಣದಲ್ಲಿದೆ. ಆ ಹಳೆಯ ಮೈದಾನದ್ದು ಮರದ ಕಟ್ಟಡ. ಮರದ ಗ್ಯಾಲರಿಗಳು ಬೆಂಕಿಗೆ ಬಲಿಯಾಗುತ್ತಿದ್ದ ಕಾಲ ಅದು. 1909ರಲ್ಲಿ ಫಿಲಡೆಲ್ಫಿಯಾದ ಶೈಬ್ ಪಾರ್ಕ್ ಮತ್ತು ಪಿಟ್ಸ್‌ಬರ್ಗ್‌ನ ಫೋರ್ಬ್ಸ್ ಫೀಲ್ಡ್ ಉಕ್ಕು ಮತ್ತು ಕಾಂಕ್ರೀಟಿನಲ್ಲಿ ಎದ್ದುನಿಂತ ಮೇಲೆ ಉಳಿದ ನಗರಗಳೂ ಅದೇ ದಾರಿ ಹಿಡಿದವು. ಫೆನ್‌ವೇ ಆ ಪೀಳಿಗೆಯದು.

1911ರ ಸೆಪ್ಟೆಂಬರ್ 25ರಂದು ನೆಲ ಅಗೆಯಲು ಆರಂಭಿಸಲಾಯಿತು. ವಾಸ್ತುಶಿಲ್ಪಿ ಜೇಮ್ಸ್ ಇ. ಮೆಕ್‌ಲಾಫ್ಲಿನ್; ಎಂಜಿನಿಯರಿಂಗ್ ಆಸ್ಬಾರ್ನ್ ಎಂಜಿನಿಯರಿಂಗ್ ಸಂಸ್ಥೆಯದು; ಕಟ್ಟಿದವರು ಚಾರ್ಲ್ಸ್ ಲೋಗ್ ಬಿಲ್ಡಿಂಗ್ ಕಂಪನಿ. ವೆಚ್ಚ ಸುಮಾರು 6,50,000 ಡಾಲರ್. ಬಾಸ್ಟನ್ನಿನ ಚಳಿಗಾಲದ ನಡುವೆಯೇ ಕೆಲಸ ಸಾಗಿ ಏಳು ತಿಂಗಳೊಳಗೆ ಮೈದಾನ ಸಿದ್ಧವಾಯಿತು. ಹಂಟಿಂಗ್ಟನ್ ಅವೆನ್ಯೂ ಒಳಮೈದಾನದ ಹುಲ್ಲುಹಾಸನ್ನೇ ಕಿತ್ತು ತಂದು ಇಲ್ಲಿ ನೆಟ್ಟರು. ಉಕ್ಕು ಮತ್ತು ಕಾಂಕ್ರೀಟಿನದಾಗಿದ್ದದ್ದು ಮುಖ್ಯ ಗ್ರ್ಯಾಂಡ್‌ಸ್ಟ್ಯಾಂಡ್ ಮಾತ್ರ, ಬ್ಲೀಚರ್ಸ್ ಮರದವೇ. ಜರ್ಸಿ ಬೀದಿಗೆ ಮುಖ ಮಾಡಿದ ಕೆಂಪು ಇಟ್ಟಿಗೆಯ ಮುಂಭಾಗ ಸುತ್ತಲಿನ ಕಟ್ಟಡಗಳ ಎತ್ತರವನ್ನು ಮೀರದೆ ನಿಂತಿತು. ಇಂದಿಗೂ ಬೀದಿಯಲ್ಲಿ ನಡೆದು ಬರುವವರಿಗೆ ಕ್ರೀಡಾಂಗಣವೆಂದು ಗೊತ್ತಾಗದಷ್ಟು ಸಹಜವಾಗಿ ಅದು ಸಾಲಿನಲ್ಲಿ ಬೆರೆತಿದೆ.

ಹೋಮ್ ಪ್ಲೇಟನ್ನು ನಿವೇಶನದ ನೈಋತ್ಯ ಮೂಲೆಯಲ್ಲಿಟ್ಟು ಬ್ಯಾಟರ್ ಈಶಾನ್ಯದ ಕಡೆ ನೋಡುವಂತೆ ಮಾಡಲಾಯಿತು. ಆಗ ಪಂದ್ಯಗಳು ಮಧ್ಯಾಹ್ನದ ನಂತರ ನಡೆಯುತ್ತಿದ್ದವು. ಇಳಿಬಿಸಿಲು ಬ್ಯಾಟರ್‌ನ ಕಣ್ಣಿಗೆ ಹೊಡೆಯಬಾರದೆಂಬುದು ಕಾರಣ. ಈ ದಿಕ್ಕು ಗೊತ್ತಾದೊಡನೆ ಎಡ ಫೌಲ್ ಗೆರೆ ಲ್ಯಾನ್ಸ್‌ಡೌನ್ ಬೀದಿಗೆ ಬೇಗ ಮುಟ್ಟುವುದು ಅನಿವಾರ್ಯವಾಯಿತು. ಆಗ ಅದು ಯಾರಿಗೂ ದೋಷವಾಗಿ ಕಾಣಲಿಲ್ಲ. 1920ಕ್ಕೆ ಮುಂಚಿನ ಆಟದಲ್ಲಿ ಚೆಂಡು ಮೆತ್ತಗಾಗಿ ಸವೆಯುವವರೆಗೆ ಅದನ್ನೇ ಬಳಸುತ್ತಿದ್ದರು. ಅಷ್ಟು ದೂರಕ್ಕೆ ಚೆಂಡು ಹೋಗುವುದೇ ಅಪರೂಪವಾಗಿತ್ತು. ಅಲ್ಲಿ ನಿಲ್ಲಿಸಿದ ಸುಮಾರು 25 ಅಡಿಯ ಮರದ ಗೋಡೆಯ ಉದ್ದೇಶ ಹೊಡೆತ ತಡೆಯುವುದಲ್ಲ, ಬೀದಿಯಿಂದ ಪುಕ್ಕಟೆಯಾಗಿ ಪಂದ್ಯ ನೋಡುವವರನ್ನು ತಡೆಯುವುದು.

ಮೊದಲ ವರ್ಷಗಳು

1912ರ ಏಪ್ರಿಲ್ 9ರಂದು ಹಾರ್ವರ್ಡ್ ವಿಶ್ವವಿದ್ಯಾಲಯದ ತಂಡದೊಡನೆ ಪ್ರದರ್ಶನ ಪಂದ್ಯ ನಡೆಯಿತು. ಅಧಿಕೃತ ಆರಂಭವನ್ನು ಮಳೆ ಮುಂದೂಡಿತು. ಏಪ್ರಿಲ್ 20ರಂದು ನ್ಯೂಯಾರ್ಕ್ ಹೈಲ್ಯಾಂಡರ್ಸ್ (ಮುಂದೆ ಯಾಂಕೀಸ್) ತಂಡವನ್ನು ರೆಡ್ ಸಾಕ್ಸ್ 11 ಇನಿಂಗ್ಸ್‌ಗಳಲ್ಲಿ 7-6ರಿಂದ ಸೋಲಿಸಿತು. ಗೆಲುವಿನ ರನ್ ತಂದುಕೊಟ್ಟದ್ದು ಟ್ರಿಸ್ ಸ್ಪೀಕರ್ ಹೊಡೆತ. ಮೇಯರ್ ಜಾನ್ ಎಫ್. ಫಿಟ್ಸ್‌ಜೆರಾಲ್ಡ್ ಮೊದಲ ಚೆಂಡು ಎಸೆದರು. ಮುಂದೆ ಅಮೆರಿಕದ ಅಧ್ಯಕ್ಷರಾದ ಜಾನ್ ಎಫ್. ಕೆನಡಿ ಇವರ ಮೊಮ್ಮಗ. ಐದು ದಿನಗಳ ಹಿಂದಷ್ಟೇ ಟೈಟಾನಿಕ್ ಹಡಗು ಮುಳುಗಿತ್ತು. ಪತ್ರಿಕೆಗಳ ಮುಖಪುಟವೆಲ್ಲ ಆ ದುರಂತದ್ದಾಗಿ, ಹೊಸ ಮೈದಾನದ ಸುದ್ದಿ ಹಿಂದೆ ಸರಿಯಿತು. ಡೆಟ್ರಾಯಿಟ್‌ನ ನೇವಿನ್ ಫೀಲ್ಡ್ (ಮುಂದೆ ಟೈಗರ್ ಸ್ಟೇಡಿಯಂ) ತೆರೆದದ್ದೂ ಇದೇ ದಿನ. ಅಲ್ಲಿ ಕೊನೆಯ ಮೇಜರ್ ಲೀಗ್ ಪಂದ್ಯ 1999ರಲ್ಲಿ ನಡೆಯಿತು, ಆ ಕಟ್ಟಡ ಈಗಿಲ್ಲ.

ಮೊದಲ ವರ್ಷವೇ ರೆಡ್ ಸಾಕ್ಸ್ ನ್ಯೂಯಾರ್ಕ್ ಜಯಂಟ್ಸ್ ತಂಡವನ್ನು ಸೋಲಿಸಿ ವರ್ಲ್ಡ್ ಸೀರೀಸ್ ಗೆದ್ದಿತು. 1914ರಲ್ಲಿ ನಗರದ ಇನ್ನೊಂದು ತಂಡ ಬಾಸ್ಟನ್ ಬ್ರೇವ್ಸ್ ತನ್ನ ಸೀರೀಸ್ ಪಂದ್ಯಗಳನ್ನು ಫೆನ್‌ವೇಯಲ್ಲಿ ಆಡಿತು. ಪ್ರತಿಯಾಗಿ 1915 ಮತ್ತು 1916ರಲ್ಲಿ ರೆಡ್ ಸಾಕ್ಸ್ ತನ್ನ ಸೀರೀಸ್ ಪಂದ್ಯಗಳಿಗೆ ಹೆಚ್ಚು ಜನ ಹಿಡಿಸುವ ಹೊಸ ಬ್ರೇವ್ಸ್ ಫೀಲ್ಡ್ ಅನ್ನು ಬಳಸಿತು. 1918ರ ಗೆಲುವು ಮತ್ತೆ ಫೆನ್‌ವೇಯಲ್ಲೇ ಪೂರ್ಣಗೊಂಡಿತು.

ಆನಂತರದ್ದು ಇಳಿಗಾಲ. 1919ರ ಕೊನೆಗೆ ತಂಡದ ತಾರಾ ಆಟಗಾರ ಬೇಬ್ ರೂತ್‌ರನ್ನು ನ್ಯೂಯಾರ್ಕ್ ಯಾಂಕೀಸ್‌ಗೆ ಮಾರಲಾಯಿತು. ತಂಡ ಸೋಲುತ್ತ ಹೋದಂತೆ ಪ್ರೇಕ್ಷಕರೂ ಹಣವೂ ಕಡಿಮೆಯಾದವು. 1926ರ ಮೇ 8ರಂದು ಎಡ ಮೈದಾನದ ಪಕ್ಕದ ಮರದ ಬ್ಲೀಚರ್ಸ್ ಸುಟ್ಟುಹೋದಾಗ ಮತ್ತೆ ಕಟ್ಟಲು ಹಣವಿರಲಿಲ್ಲ. ಆ ಜಾಗ ವರ್ಷಗಟ್ಟಲೆ ಖಾಲಿ ಉಳಿಯಿತು. 1929ರಲ್ಲಿ ಬಾಸ್ಟನ್‌ನಲ್ಲಿ ಭಾನುವಾರದ ಬೇಸ್‌ಬಾಲ್‌ಗೆ ಅನುಮತಿ ಸಿಕ್ಕರೂ ಫೆನ್‌ವೇ ಹತ್ತಿರ ಚರ್ಚ್ ಇದ್ದುದರಿಂದ 1932ರವರೆಗೆ ಭಾನುವಾರದ ಪಂದ್ಯಗಳಿಗೆ ತಂಡ ಬ್ರೇವ್ಸ್ ಫೀಲ್ಡ್‌ಗೆ ಹೋಗಬೇಕಾಗಿತ್ತು.

1934ರ ಪುನರ್ನಿರ್ಮಾಣ

1933ರಲ್ಲಿ ತಂಡವನ್ನೂ ಕ್ರೀಡಾಂಗಣವನ್ನೂ ಕೊಂಡವರು ಮೂವತ್ತರ ಹರೆಯದ ಸಿರಿವಂತ ಟಾಮ್ ಯಾಕಿ. ಆರ್ಥಿಕ ಮಹಾಕುಸಿತದ ನಡುವೆ ಅವರು ಕೈಗೊಂಡ ಕೆಲಸದಿಂದ ಇಂದು ಕಾಣುವ ಫೆನ್‌ವೇ ರೂಪುಗೊಂಡಿತು. ಕೆಲಸ ನಡೆಯುತ್ತಿರುವಾಗಲೇ, 1934ರ ಜನವರಿ 5ರಂದು, ಮತ್ತೊಮ್ಮೆ ಬೆಂಕಿ ಬಿದ್ದು ಕಟ್ಟಿದ್ದರಲ್ಲಿ ಬಹುಭಾಗ ನಾಶವಾಯಿತು. ಆದರೂ ಏಪ್ರಿಲ್ 17ಕ್ಕೆ ಮೈದಾನ ತೆರೆಯಿತು. ಮರದ ಬ್ಲೀಚರ್ಸ್ ಹೋಗಿ ಕಾಂಕ್ರೀಟಿನವು ಬಂದವು. ಗ್ರ್ಯಾಂಡ್‌ಸ್ಟ್ಯಾಂಡ್‌ನಲ್ಲಿ ಆಗ ಹಾಕಿದ ಓಕ್ ಮರದ ಕಿರಿದಾದ ಕುರ್ಚಿಗಳಲ್ಲಿ ಜನ ಈಗಲೂ ಕೂರುತ್ತಾರೆ. ಚಾವಣಿ ಹೊತ್ತ ಉಕ್ಕಿನ ಕಂಬಗಳು ಕೆಲವು ಆಸನಗಳ ನೋಟವನ್ನು ಮರೆಮಾಡುವುದೂ ಹಾಗೆಯೇ ಉಳಿದಿದೆ.

ಎಡ ಮೈದಾನದಲ್ಲಿ 1912ರಿಂದ ಗೋಡೆಯ ಬುಡಕ್ಕೆ ಸುಮಾರು 10 ಅಡಿ ಎತ್ತರದ ಮಣ್ಣಿನ ಏರಿಯಿತ್ತು. ಬೀದಿಯ ಮಟ್ಟಕ್ಕಿಂತ ಮೈದಾನ ತಗ್ಗಾಗಿದ್ದುದರಿಂದ ಬಂದ ಏರಿ ಅದು. ಚೆಂಡಿನ ಹಿಂದೆ ಆ ಏರಿಯನ್ನು ಹತ್ತಿ ಇಳಿಯುವುದರಲ್ಲಿ ಡಫಿ ಲೂಯಿಸ್ ಎಂಬ ಆಟಗಾರ ಎಷ್ಟು ಪಳಗಿದ್ದರೆಂದರೆ ಅದಕ್ಕೆ 'ಡಫಿಯ ಬಂಡೆಯಂಚು' ಎಂದೇ ಹೆಸರಾಯಿತು. 1934ರಲ್ಲಿ ಏರಿಯನ್ನು ಬಹುಮಟ್ಟಿಗೆ ಸಮತಟ್ಟು ಮಾಡಿ, ಅದರ ಹಿಂದೆ ಈಗಿನ ಎತ್ತರದ ಗೋಡೆಯನ್ನು ಎಬ್ಬಿಸಲಾಯಿತು.

1935ರ ಸೆಪ್ಟೆಂಬರ್ 22ರಂದು ಯಾಂಕೀಸ್ ವಿರುದ್ಧ ಒಂದೇ ದಿನ ನಡೆದ ಎರಡು ಪಂದ್ಯಗಳಿಗೆ 47,627 ಜನ ಸೇರಿದರು. ಎರಡನೆಯ ಮಹಾಯುದ್ಧದ ನಂತರ ಬಿಗಿಯಾದ ಅಗ್ನಿ ಸುರಕ್ಷತಾ ನಿಯಮಗಳಡಿ ಅಂಥ ಜನಸಂದಣಿಗೆ ಅವಕಾಶವೇ ಇಲ್ಲ. ಆದ್ದರಿಂದ ಆ ದಾಖಲೆ ಉಳಿದುಕೊಂಡಿದೆ.

ಗ್ರೀನ್ ಮಾನ್‌ಸ್ಟರ್

ಎಡ ಮೈದಾನದ ಗೋಡೆಗೆ ಈಗಿನ ಹೆಸರು 'ಗ್ರೀನ್ ಮಾನ್‌ಸ್ಟರ್', ಎಂದರೆ ಹಸಿರು ದೈತ್ಯ. ಹಳಬರು ಅದನ್ನು 'ಗೋಡೆ' ಎಂದಷ್ಟೇ ಕರೆಯುತ್ತಿದ್ದರು. ಊರಿಗೆ ಅಷ್ಟು ಸಾಕಾಗಿತ್ತು. ಎತ್ತರ 37 ಅಡಿ 2 ಅಂಗುಲ (11.3 ಮೀಟರ್), ಅಂದರೆ ಮೂರು ಮಹಡಿಗಿಂತ ಹೆಚ್ಚು. 1934ರಲ್ಲಿ ಅದರ ಮೈಗೆ ತಗಡು ಹೊದಿಸಿದ್ದರು. ಕೆಳಗಿನ ಆಧಾರವಿದ್ದ ಕಡೆ ಮತ್ತು ಟೊಳ್ಳಾದ ಕಡೆ ಚೆಂಡು ಬೇರೆಬೇರೆ ರೀತಿ ಪುಟಿಯುತ್ತಿತ್ತು. 1976ರಲ್ಲಿ ತಗಡು ತೆಗೆದು ಗಟ್ಟಿ ಪ್ಲಾಸ್ಟಿಕ್ ಹಾಕಿದ ಮೇಲೆ ಪುಟಿತ ಒಂದೇ ತೆರನಾಯಿತು. 1947ಕ್ಕೆ ಮುಂಚೆ ಗೋಡೆ ತುಂಬ ಜಾಹೀರಾತುಗಳಿದ್ದವು. ಆ ವರ್ಷ ಅವನ್ನೆಲ್ಲ ಅಳಿಸಿ ಹಸಿರು ಬಳಿಯಲಾಯಿತು.

ಗೋಡೆ ಆಟವನ್ನು ಎರಡು ವಿರುದ್ಧ ದಿಕ್ಕುಗಳಿಗೆ ಎಳೆಯುತ್ತದೆ. ಬೇರೆ ಮೈದಾನಗಳಲ್ಲಿ ಸುಲಭ ಕ್ಯಾಚ್ ಆಗುವ, ಎತ್ತರಕ್ಕೆ ಹೋಗಿ ಹೆಚ್ಚು ದೂರ ಸಾಗದ ಹೊಡೆತ ಇಲ್ಲಿ 310 ಅಡಿಯ ಗೋಡೆಯನ್ನು ಮೇಲಿನಿಂದ ದಾಟಿ ಹೋಮ್ ರನ್ ಆಗಬಹುದು. ಬೇರೆಡೆ ಬೇಲಿಯ ಮೇಲೆ ಹಾದುಹೋಗುವ ತಗ್ಗಾದ, ಬಿರುಸಿನ ಹೊಡೆತ ಇಲ್ಲಿ ಗೋಡೆಗೆ ಬಡಿದು ಡಬಲ್ ಅಥವಾ ಅದಕ್ಕಿಂತಲೂ ಕಡಿಮೆಗೆ ಇಳಿಯುತ್ತದೆ. ಆದ್ದರಿಂದ ಎಡ ಮೈದಾನದ ಕಾವಲುಗಾರ ಗೋಡೆಯ ಪ್ರತಿ ಪುಟಿತವನ್ನೂ ಅಭ್ಯಾಸ ಮಾಡಬೇಕು. ರೆಡ್ ಸಾಕ್ಸ್‌ಗಾಗಿ 1961ರಿಂದ 1983ರವರೆಗೆ 23 ಋತುಗಳಲ್ಲಿ ಆಡಿದ ಕಾರ್ಲ್ ಯಸ್ಟ್ರೆಮ್‌ಸ್ಕಿ ಈ ಕಲೆಯಲ್ಲಿ ಅತಿ ನಿಪುಣರೆಂದು ಎಣಿಸಲಾಗಿದೆ. 1978ರ ಅಕ್ಟೋಬರ್ 2ರಂದು ಋತುವಿನ ಸಮಬಲ ಮುರಿಯಲು ನಡೆದ ಏಕೈಕ ಪಂದ್ಯದಲ್ಲಿ ಯಾಂಕೀಸ್‌ನ ಬಕಿ ಡೆಂಟ್ ಹೊಡೆದ ಚೆಂಡು ಇದೇ ಗೋಡೆಯನ್ನು ದಾಟಿ ರೆಡ್ ಸಾಕ್ಸ್‌ಗೆ ಸೋಲು ತಂದಿತು. ಬಲಗೈ ಬ್ಯಾಟರ್‌ಗಳಿಗೆ ಅನುಕೂಲವೆಂದು ನಂಬಿ ತಂಡ ಹಲವು ದಶಕ ಅಂಥವರನ್ನೇ ಕೂಡಿಹಾಕಿದ್ದೂ ಉಂಟು. ಒಂದು ಗೋಡೆ ತಂಡ ಕಟ್ಟುವ ರೀತಿಯನ್ನೇ ತಿದ್ದಿದ ಉದಾಹರಣೆ ಬೇಸ್‌ಬಾಲ್ ಇತಿಹಾಸದಲ್ಲಿ ಇಷ್ಟು ಸ್ಪಷ್ಟವಾಗಿ ಇನ್ನೊಂದಿಲ್ಲ.

ಗೋಡೆಯ ತಳದಲ್ಲಿರುವ ಸ್ಕೋರ್‌ಬೋರ್ಡನ್ನು ಇಂದಿಗೂ ಒಳಗೆ ಕುಳಿತ ಕೆಲಸಗಾರರು ಕೈಯಿಂದ ನಡೆಸುತ್ತಾರೆ. ರನ್ ಮತ್ತು ಹಿಟ್‌ಗಳ ಅಂಕಿಫಲಕ 16 ಅಂಗುಲ ಉದ್ದ, ಅಷ್ಟೇ ಅಗಲ, ತೂಕ 3 ಪೌಂಡ್. ಇನಿಂಗ್ಸ್ ಮತ್ತು ಪಿಚರ್ ಸಂಖ್ಯೆಯ ಫಲಕಗಳು ಸ್ವಲ್ಪ ಚಿಕ್ಕವು. ಬಾಲ್, ಸ್ಟ್ರೈಕ್, ಔಟ್‌ಗಳಿಗೆ ಮಾತ್ರ ಹಸಿರು, ಕೆಂಪು ದೀಪಗಳಿವೆ. ಒಳಗಿನ ಇಕ್ಕಟ್ಟಾದ ಕೋಣೆಯ ಗೋಡೆಗಳ ಮೇಲೆ ದಶಕಗಳಿಂದ ಆಟಗಾರರು ಹಾಕುತ್ತ ಬಂದ ಸಹಿಗಳಿವೆ. ಫಲಕದ ಬಿಳಿ ಗೆರೆಗಳಲ್ಲಿ ಮೋರ್ಸ್ ಸಂಕೇತದ ಚುಕ್ಕೆ-ಅಡ್ಡಗೆರೆಗಳಾಗಿ ಟಾಮ್ ಯಾಕಿ ಮತ್ತು ಅವರ ಪತ್ನಿ ಜೀನ್ ಯಾಕಿ ಅವರ ಹೆಸರಿನ ಮೊದಲಕ್ಷರಗಳನ್ನು ಬರೆದಿದೆ. ಗೊತ್ತಿಲ್ಲದವರಿಗೆ ಅದು ಅಲಂಕಾರದ ಪಟ್ಟಿಯಂತೆ ಕಾಣುತ್ತದೆ.

1936ರಲ್ಲಿ ಲ್ಯಾನ್ಸ್‌ಡೌನ್ ಬೀದಿಯ ಅಂಗಡಿಗಳ ಗಾಜು ಉಳಿಸಲು ಗೋಡೆಯ ಮೇಲೆ ಸುಮಾರು 23 ಅಡಿಯ ಬಲೆ ಕಟ್ಟಿದರು. ಬಲೆಗೆ ಬಿದ್ದ ಚೆಂಡುಗಳನ್ನು ತೆಗೆಯಲು ಗೋಡೆಯ ಮುಖಕ್ಕೇ ಕಬ್ಬಿಣದ ಏಣಿ ಜೋಡಿಸಿದ್ದರು. 2003ರಲ್ಲಿ ಬಲೆ ತೆಗೆದು ಗೋಡೆಯ ನೆತ್ತಿಯ ಮೇಲೆ ಆಸನ ಹಾಕಿದರು. ಏಣಿಗೆ ಕೆಲಸ ತಪ್ಪಿತಾದರೂ ಅದನ್ನು ಕೀಳಲಿಲ್ಲ. ಆಟದ ನಡುವೆ ಚೆಂಡು ಏಣಿಯ ತುದಿಗೆ ಬಡಿದು ಹೊರಹೋದರೆ ಎರಡು ಬೇಸ್ ಎಂಬ ಸ್ಥಳೀಯ ನಿಯಮವೂ ಇದೆ. ಎಡ ಕಂಬದ ಬಳಿ ಬಹುಕಾಲ ಬರೆದಿದ್ದ ದೂರ 315 ಅಡಿ. 1995ರಲ್ಲಿ ಅದನ್ನು 310 ಎಂದು ತಿದ್ದಲಾಯಿತು.

ಅಂಗಳದ ಇತರ ಭಾಗಗಳು

ಬಲ ಮೈದಾನದಲ್ಲಿ ಬುಲ್‌ಪೆನ್‌ಗಳನ್ನು ಕಟ್ಟಿದ್ದು 1940ರಲ್ಲಿ. ಇದರಿಂದ ಬೇಲಿ ಸುಮಾರು 23 ಅಡಿ ಹತ್ತಿರವಾಯಿತು. ಹಿಂದಿನ ವರ್ಷವಷ್ಟೇ ತಂಡ ಸೇರಿದ್ದ ಎಡಗೈ ಬ್ಯಾಟರ್ ಟೆಡ್ ವಿಲಿಯಮ್ಸ್‌ಗೆ ಅನುಕೂಲವಾಗಲೆಂದು ಮಾಡಿದ್ದರಿಂದ ಆ ಭಾಗಕ್ಕೆ 'ವಿಲಿಯಮ್ಸ್‌ಬರ್ಗ್' ಎಂಬ ಅಡ್ಡಹೆಸರು ಬಂತು. ಬುಲ್‌ಪೆನ್ ಗೋಡೆ ಮತ್ತು ಮಧ್ಯ ಮೈದಾನದ ಗೋಡೆ ಸೇರುವಲ್ಲಿರುವ 420 ಅಡಿಯ ಮೂಲೆಯೇ 'ತ್ರಿಕೋನ'. ಅಲ್ಲಿಗೆ ಬಿದ್ದ ಚೆಂಡು ಮೂಲೆಯಲ್ಲಿ ಹೊರಳಾಡುವಷ್ಟರಲ್ಲಿ ಬ್ಯಾಟರ್ ಮೂರನೆಯ ಬೇಸ್ ತಲುಪುವುದುಂಟು.

ಬಲ ಬ್ಲೀಚರ್ಸ್‌ನ ಹಸಿರು ಆಸನಗಳ ನಡುವೆ ಒಂದೇ ಒಂದು ಕೆಂಪು ಆಸನವಿದೆ: ವಿಭಾಗ 42, ಸಾಲು 37, ಆಸನ 21. 1946ರ ಜೂನ್ 9ರಂದು ವಿಲಿಯಮ್ಸ್ ಹೊಡೆದ ಚೆಂಡು ಅಲ್ಲಿ ಬಿತ್ತು. ದಾಖಲಾದ ದೂರ 502 ಅಡಿ. ಫೆನ್‌ವೇ ಒಳಗೆ ಬಿದ್ದ ಅತಿ ದೂರದ ಹೋಮ್ ರನ್ ಎಂಬ ಮನ್ನಣೆ ಇದಕ್ಕಿದೆ. ವಿಲಿಯಮ್ಸ್ ತಮ್ಮ ವೃತ್ತಿಜೀವನದ ಕಟ್ಟಕಡೆಯ ಹೊಡೆತದಲ್ಲಿ, 1960ರ ಸೆಪ್ಟೆಂಬರ್ 28ರಂದು, ಹೋಮ್ ರನ್ ಗಳಿಸಿದ್ದೂ ಇಲ್ಲಿಯೇ. ಅಂದಿನ ಸುಮಾರು ಹತ್ತು ಸಾವಿರ ಪ್ರೇಕ್ಷಕರಲ್ಲಿ ಒಬ್ಬರಾಗಿದ್ದ ಕಾದಂಬರಿಕಾರ ಜಾನ್ ಅಪ್‌ಡೈಕ್ ಆ ದಿನದ ಮೇಲೆ ಬರೆದ ಪ್ರಬಂಧ ಅಮೆರಿಕದ ಕ್ರೀಡಾ ಬರಹಗಳಲ್ಲಿ ಮೇಲಿನ ಸಾಲಿನದು.

ಬಲ ಫೌಲ್ ಕಂಬ 'ಪೆಸ್ಕಿ ಕಂಬ'. ಜಾನಿ ಪೆಸ್ಕಿ ಎಂಬ ಆಟಗಾರ ಇಡೀ ವೃತ್ತಿಯಲ್ಲಿ ಹೊಡೆದದ್ದು 17 ಹೋಮ್ ರನ್ ಮಾತ್ರ. ಕಂಬಕ್ಕೆ ಅವರ ಹೆಸರು ಅಂಟಿಸಿದವರು ಪಿಚರ್ ಆಗಿದ್ದು ಮುಂದೆ ವೀಕ್ಷಕ ವಿವರಣೆಗಾರರಾದ ಮೆಲ್ ಪಾರ್ನೆಲ್. 2006ರಲ್ಲಿ ಹೆಸರು ಅಧಿಕೃತವಾಯಿತು. ಅಲ್ಲಿ ಬೇಲಿ ಮೂರರಿಂದ ಐದು ಅಡಿ ಎತ್ತರ ಅಷ್ಟೆ, ಕಂಬದಿಂದ ಅದು ಥಟ್ಟನೆ ಹಿಂದಕ್ಕೆ ಬಾಗುತ್ತದೆ. ಎಡ ಕಂಬ 'ಫಿಸ್ಕ್ ಕಂಬ'. 1975ರ ವರ್ಲ್ಡ್ ಸೀರೀಸ್‌ನ ಆರನೆಯ ಪಂದ್ಯದ 12ನೆಯ ಇನಿಂಗ್ಸ್‌ನಲ್ಲಿ ಕಾರ್ಲ್‌ಟನ್ ಫಿಸ್ಕ್ ಹೊಡೆದ ಚೆಂಡು ಅದಕ್ಕೆ ತಾಗಿ ಪಂದ್ಯ ಗೆದ್ದುಕೊಟ್ಟಿತು. ಸೀರೀಸ್ ಮಾತ್ರ ಸಿನ್ಸಿನಾಟಿ ರೆಡ್ಸ್ ಪಾಲಾಯಿತು. ಅದೇ ಪಂದ್ಯದಲ್ಲಿ ಫ್ರೆಡ್ ಲಿನ್ ಮಧ್ಯ ಮೈದಾನದ ಕಾಂಕ್ರೀಟ್ ಗೋಡೆಗೆ ಅಪ್ಪಳಿಸಿ ಬಿದ್ದದ್ದರಿಂದ ಮರುವರ್ಷ ಗೋಡೆಗಳ ಕೆಳಭಾಗಕ್ಕೆ ಮೆತ್ತೆ ಹಾಕಲಾಯಿತು.

ಫೌಲ್ ಗೆರೆಗಳ ಆಚೆಗಿನ ಜಾಗ ತೀರ ಕಡಿಮೆ. ಆಸನಗಳು ಅಂಗಳಕ್ಕೆ ಹತ್ತಿಕೊಂಡಿರುವುದರಿಂದ ಬೇರೆಡೆ ಕ್ಯಾಚ್ ಆಗುವ ಚೆಂಡು ಇಲ್ಲಿ ಪ್ರೇಕ್ಷಕರ ನಡುವೆ ಬಿದ್ದು ಬ್ಯಾಟರ್ ಉಳಿಯುತ್ತಾನೆ. ಹಗಲು ಮತ್ತು ರಾತ್ರಿಯ ಆಸನ ಸಂಖ್ಯೆ ಬೇರೆಯಾಗಿರುವುದಕ್ಕೂ ಕಾರಣ ಅಂಗಳದ ವಿನ್ಯಾಸವೇ. ಹಗಲಲ್ಲಿ ಪಿಚರ್‌ನ ಕೈ ಬಿಟ್ಟ ಬಿಳಿ ಚೆಂಡು ಬ್ಯಾಟರ್‌ಗೆ ಕಾಣಬೇಕಾದರೆ ಹಿನ್ನೆಲೆ ಗಾಢವಾಗಿರಬೇಕು. ಹೀಗಾಗಿ ಮಧ್ಯ ಮೈದಾನದ ಹಿಂದಿನ ಒಂದು ಆಸನ ಭಾಗಕ್ಕೆ ಕಪ್ಪು ಟಾರ್ಪಾಲು ಹೊದಿಸುತ್ತಾರೆ. ಹೊನಲು ಬೆಳಕಿನ ಮೊದಲ ಪಂದ್ಯ ನಡೆದದ್ದು 1947ರ ಜೂನ್ 13ರಂದು.

ವರ್ಣಭೇದ

1945ರ ಏಪ್ರಿಲ್ 16ರಂದು ಜಾಕಿ ರಾಬಿನ್ಸನ್, ಸ್ಯಾಮ್ ಜೆಥ್ರೋ, ಮಾರ್ವಿನ್ ವಿಲಿಯಮ್ಸ್ ಎಂಬ ಮೂವರು ಕಪ್ಪು ಜನಾಂಗದ ಆಟಗಾರರು ಫೆನ್‌ವೇಯಲ್ಲಿ ಆಯ್ಕೆ ಪರೀಕ್ಷೆಗೆ ಬಂದರು. ನಗರ ಸಭೆಯ ಸದಸ್ಯ ಇಸಡೋರ್ ಮಚ್ನಿಕ್ ಹೇರಿದ ಒತ್ತಡದಿಂದ ನಡೆದ ಪರೀಕ್ಷೆ ಅದು. ತಂಡ ಯಾರನ್ನೂ ಸೇರಿಸಿಕೊಳ್ಳಲಿಲ್ಲ. ಎರಡು ವರ್ಷದ ನಂತರ ರಾಬಿನ್ಸನ್ ಬ್ರೂಕ್ಲಿನ್ ಡಾಜರ್ಸ್ ಪರ ಆಡಿ ಮೇಜರ್ ಲೀಗ್‌ನ ವರ್ಣಗೋಡೆಯನ್ನು ಒಡೆದರು. ರೆಡ್ ಸಾಕ್ಸ್ ತನ್ನ ಮೊದಲ ಕಪ್ಪು ಆಟಗಾರ ಪಂಪ್ಸಿ ಗ್ರೀನ್‌ರನ್ನು ಕಣಕ್ಕಿಳಿಸಿದ್ದು 1959ರ ಜುಲೈ 21ರಂದು, ಉಳಿದೆಲ್ಲ ತಂಡಗಳ ನಂತರ. ಯಾಕಿ ಮಾಲೀಕತ್ವದ ಈ ದಾಖಲೆ ಮೈದಾನದ ಚರಿತ್ರೆಯಿಂದ ಬೇರ್ಪಡಿಸಲಾಗದ್ದು. 1977ರಲ್ಲಿ ಜರ್ಸಿ ಬೀದಿಯ ಒಂದು ಭಾಗಕ್ಕೆ ಇಟ್ಟಿದ್ದ 'ಯಾಕಿ ವೇ' ಎಂಬ ಹೆಸರನ್ನು ತಂಡದ ಹೊಸ ಮಾಲೀಕರ ಕೋರಿಕೆಯ ಮೇಲೆ 2018ರಲ್ಲಿ ತೆಗೆದು ಹಳೆಯ ಹೆಸರನ್ನೇ ಮರಳಿಸಲಾಯಿತು. ಪಕ್ಕದ ರೈಲು ನಿಲ್ದಾಣವೂ 2019ರಲ್ಲಿ ಯಾಕಿ ಹೆಸರು ಬಿಟ್ಟು ಲ್ಯಾನ್ಸ್‌ಡೌನ್ ಆಯಿತು. ಇಂದು ಬಲ ಮೈದಾನದ ಮೇಲಿನ ಚಾವಣಿಯಂಚಿನಲ್ಲಿ ತಂಡದ ಗೌರವ ಸಂಖ್ಯೆಗಳ ಜೊತೆ ರಾಬಿನ್ಸನ್ ಅವರ 42 ಕೂಡ ಇದೆ.

ಕೆಡಹುವ ಯೋಜನೆ ಮತ್ತು ನವೀಕರಣ

1999ರ ಮೇ ತಿಂಗಳಲ್ಲಿ ಆಗಿನ ಆಡಳಿತ ಪಕ್ಕದ ಜಾಗದಲ್ಲಿ ಸುಮಾರು 44,000 ಆಸನಗಳ ಹೊಸ ಕ್ರೀಡಾಂಗಣ ಕಟ್ಟುವ ಯೋಜನೆ ಪ್ರಕಟಿಸಿತು. ಆದಾಯ ತರುವ ವಿಶೇಷ ಆಸನಗಳಿಗೆ ಹಳೆಯ ಕಟ್ಟಡದಲ್ಲಿ ಜಾಗವಿಲ್ಲ ಎಂಬುದು ಅವರ ವಾದ. ಸ್ಥಳೀಯರು 'ಸೇವ್ ಫೆನ್‌ವೇ ಪಾರ್ಕ್' ಎಂಬ ಸಂಘಟನೆ ಕಟ್ಟಿ, ಇರುವ ಕಟ್ಟಡವನ್ನೇ ಸುಧಾರಿಸಲು ಸಾಧ್ಯವೆಂದು ತೋರಿಸಲು ಶ್ರಮಿಸಿದರು. 2002ರಲ್ಲಿ ಜಾನ್ ಹೆನ್ರಿ, ಟಾಮ್ ವರ್ನರ್, ಲ್ಯಾರಿ ಲುಕಿನೊ ಅವರ ಗುಂಪು ತಂಡವನ್ನು ಕೊಂಡು ಉಳಿಸುವ ದಾರಿ ಆರಿಸಿತು.

ನವೀಕರಣದ ಹೊಣೆ ಹೊತ್ತವರು ವಾಸ್ತುಶಿಲ್ಪಿ ಜಾನೆಟ್ ಮೇರಿ ಸ್ಮಿತ್. 1992ರಲ್ಲಿ ತೆರೆದ ಬಾಲ್ಟಿಮೋರ್‌ನ ಕ್ಯಾಮ್ಡೆನ್ ಯಾರ್ಡ್ಸ್ ಕ್ರೀಡಾಂಗಣದಲ್ಲಿ ಹಳೆಯ ನಗರ ಮೈದಾನಗಳ ಗುಣವನ್ನು ಹೊಸ ಕಟ್ಟಡಕ್ಕೆ ತಂದವರಲ್ಲಿ ಅವರೂ ಒಬ್ಬರು. ಆ ಗುಣದ ಮೂಲವೊಂದಕ್ಕೇ ಅವರು ಈಗ ಕೆಲಸ ಮಾಡಲು ಬಂದಿದ್ದರು. ವಿಧಾನ ಸರಳವಾಗಿತ್ತು: ಋತು ಮುಗಿದ ಮೇಲೆ ಚಳಿಗಾಲದಲ್ಲಿ ಒಂದೊಂದು ಭಾಗ, ಆಟ ನಿಲ್ಲಿಸದೆ. ಜಾಗ ಸಾಲದಿದ್ದಾಗ ಪಂದ್ಯದ ದಿನ ಪಕ್ಕದ ಬೀದಿಯನ್ನೇ ಮುಚ್ಚಿ ಪ್ರೇಕ್ಷಕರ ಓಡಾಟಕ್ಕೆ ಬಿಟ್ಟರು. 2003ರಲ್ಲಿ ಗೋಡೆಯ ಮೇಲೆ, 2004ರಲ್ಲಿ ಬಲ ಮೈದಾನದ ಚಾವಣಿಯ ಮೇಲೆ ಆಸನ ಬಂದವು. ಅಂಗಳದ ಬಸಿಗಾಲುವೆಗಳನ್ನು ಹೊಸದಾಗಿ ಹಾಕಿದರು. 1989ರಿಂದ ಹೋಮ್ ಪ್ಲೇಟ್ ಹಿಂದೆ ಇದ್ದ ಗಾಜಿನ ಮುಚ್ಚುಗಟ್ಟೆಯನ್ನು 2006ಕ್ಕೆ ತೆರೆದರು. 2011ಕ್ಕೆ ಮೂರು ದೊಡ್ಡ ವಿಡಿಯೊ ಪರದೆಗಳು ಬಂದವು. ಹತ್ತು ವರ್ಷದಲ್ಲಿ ಖರ್ಚಾದದ್ದು ಸುಮಾರು 28.5 ಕೋಟಿ ಡಾಲರ್.

ಈ ನಡುವೆ 2004ರಲ್ಲಿ ತಂಡ 86 ವರ್ಷಗಳ ನಂತರ ವರ್ಲ್ಡ್ ಸೀರೀಸ್ ಗೆದ್ದಿತು; ಆಮೇಲೆ 2007, 2013, 2018ರಲ್ಲಿ. ಇವುಗಳಲ್ಲಿ ಫೆನ್‌ವೇಯಲ್ಲೇ ಪೂರ್ಣಗೊಂಡದ್ದು 2013ರ ಗೆಲುವು ಮಾತ್ರ, 1918ರ ನಂತರ ಮೊದಲ ಬಾರಿಗೆ. 2003ರ ಮೇ 15ರಿಂದ 2013ರ ಏಪ್ರಿಲ್ ವರೆಗೆ ಋತುವಿನ ನಂತರದ ಪಂದ್ಯಗಳೂ ಸೇರಿ ಸತತ 820 ಪಂದ್ಯಗಳ ಟಿಕೆಟ್ ಪೂರ್ತಿ ಮಾರಾಟವಾಯಿತೆಂದು ತಂಡ ಲೆಕ್ಕ ಕೊಟ್ಟಿದೆ.

ಇತರ ಬಳಕೆಗಳು

ಅಮೆರಿಕನ್ ಫುಟ್‌ಬಾಲ್‌ನ ಬಾಸ್ಟನ್ ರೆಡ್‌ಸ್ಕಿನ್ಸ್ 1933ರಿಂದ 1936ರವರೆಗೆ, ಬಾಸ್ಟನ್ ಪೇಟ್ರಿಯಟ್ಸ್ 1963ರಿಂದ 1968ರವರೆಗೆ ಇಲ್ಲಿ ಆಡಿದವು. 2010ರ ಹೊಸವರ್ಷದ ದಿನ ಅಂಗಳದಲ್ಲಿ ಮಂಜುಗಡ್ಡೆ ಹಾಸಿ ಐಸ್ ಹಾಕಿ ಪಂದ್ಯ ನಡೆಸಿದರು, 2023ರಲ್ಲಿ ಮತ್ತೊಮ್ಮೆ. ಐರ್ಲೆಂಡಿನ ಸ್ವಾತಂತ್ರ್ಯ ನಾಯಕ ಎಯ್ಮನ್ ಡಿ ವಲೆರಾ 1919ರ ಜೂನ್‌ನಲ್ಲಿ ಇಲ್ಲಿ ದೊಡ್ಡ ಸಭೆಯನ್ನುದ್ದೇಶಿಸಿ ಮಾತನಾಡಿದರು. ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ 1944ರ ನವೆಂಬರ್ 4ರಂದು ತಮ್ಮ ನಾಲ್ಕನೆಯ ಚುನಾವಣೆಯ ಪ್ರಚಾರ ಭಾಷಣ ಮಾಡಿದರು. ಸಂಗೀತ ಕಚೇರಿಗಳು 2003ರಿಂದ ಹೆಚ್ಚಾಗಿವೆ. ಕೋವಿಡ್ ಕಾಲದಲ್ಲಿ, 2021ರ ಆರಂಭದಲ್ಲಿ, ಇದು ಸಾಮೂಹಿಕ ಲಸಿಕಾ ಕೇಂದ್ರವಾಗಿತ್ತು.

ಇಂದಿನ ಸ್ಥಿತಿ

2012ರ ಮಾರ್ಚ್‌ನಲ್ಲಿ, ನೂರು ವರ್ಷ ತುಂಬುವ ಮುನ್ನ, ಫೆನ್‌ವೇ ಪಾರ್ಕ್ ಅಮೆರಿಕದ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು. ಅದೇ ವರ್ಷ ಫ್ಲಾರಿಡಾದ ಫೋರ್ಟ್ ಮೈಯರ್ಸ್‌ನಲ್ಲಿ ತೆರೆದ ತಂಡದ ವಸಂತ ತರಬೇತಿಯ ಮೈದಾನದಲ್ಲಿ ಹಸಿರು ಗೋಡೆಯ ಪ್ರತಿಕೃತಿ ಕಟ್ಟಲಾಗಿದೆ. ಹೊಸ ಆಟಗಾರರು ಬಾಸ್ಟನ್‌ಗೆ ಬರುವ ಮೊದಲು ಅಲ್ಲಿ ಪುಟಿತ ಕಲಿಯುತ್ತಾರೆ. 2015ರಿಂದ ಫೆನ್‌ವೇ ಚಾವಣಿಯೊಂದರ ಮೇಲೆ ತರಕಾರಿ ತೋಟವಿದೆ, ಅದರ ಬೆಳೆ ಕ್ರೀಡಾಂಗಣದ ಅಡುಗೆಮನೆಗೆ ಹೋಗುತ್ತದೆ. ಎಂಟನೆಯ ಇನಿಂಗ್ಸ್‌ನ ನಡುವೆ ನೀಲ್ ಡೈಮಂಡ್ ಅವರ 'ಸ್ವೀಟ್ ಕ್ಯಾರೊಲೈನ್' ಹಾಡನ್ನು ಪ್ರೇಕ್ಷಕರೆಲ್ಲ ಸೇರಿ ಹಾಡುವ ರೂಢಿ 2002ರಿಂದ ಪ್ರತಿ ಪಂದ್ಯದಲ್ಲೂ ನಡೆದಿದೆ. ಏಪ್ರಿಲ್‌ನ ಪೇಟ್ರಿಯಟ್ಸ್ ಡೇ ರಜೆಯಂದು ಪಂದ್ಯ ಬೆಳಿಗ್ಗೆ ಸುಮಾರು 11ಕ್ಕೇ ಶುರುವಾಗುತ್ತದೆ. ಮುಗಿಸಿ ಹೊರಬಂದ ಜನ ಕೆನ್ಮೋರ್ ಚೌಕಕ್ಕೆ ನಡೆದು ಅಲ್ಲಿ ಹಾದುಹೋಗುವ ಬಾಸ್ಟನ್ ಮ್ಯಾರಥಾನ್ ಓಟಗಾರರನ್ನು ಹುರಿದುಂಬಿಸುತ್ತಾರೆ.